ಕೆಳಗೆ ನೋಡದ ಮಹಾರಾಜ

21 ನವೆಂಬರ್ 2025, ಶುಕ್ರವಾರ. ಸಾಲ್ಮಿಯಾ, ಕುವೈತ್

ಇವತ್ತು ನಾಟಕದ ನಡುವೆ ನನಗೆ ಮಾತು ಮರೆತುಹೋಯಿತು. ನನಗೆ, ಅಪ್ಪನ ನಾಟಕ ಕಂಪನಿಯ ಪರದೆ ಹಿಂದೆ ಬೆಳೆದವನಿಗೆ.

ಎದುರಿಗೆ ಇಡೀ ಕನ್ನಡ ಸಂಘ. ತಲೆಯ ಮೇಲೆ ಮಹಾರಾಜನ ಕಿರೀಟ, ಒಳಗೆ ಖಲಾಸ್, ಒಂದಕ್ಷರ ಇಲ್ಲ. ಇಂಥ ಹೊತ್ತಿನಲ್ಲಿ ನಟನ ಕಣ್ಣು ತಾನಾಗಿ ಪಕ್ಕದ ಪರದೆಗೆ, ಮಾತು ಎತ್ತಿಕೊಡುವ ಸುಕೇಶನ ಕಡೆಗೆ ಓಡುತ್ತದೆ. ಓಡಿತೋ, ರಾಜ ಸತ್ತ, ಬರೀ ಈ ಬಾಳಾಸಾಹೇಬ ಉಳಿದ.

ಆಗ ಮುಂದಿನ ಸಾಲಿನಲ್ಲಿ ಮಗಳು ಸಾಕ್ಷಿ ಕಂಡಳು. ಬೆಳಿಗ್ಗೆ ಅವಳ ಜೊತೆ ಹಳೆಯ ಅಮೆರಿಕನ್ ಕಾರ್ಟೂನು ನೋಡುತ್ತ ಗೊಣಗಿದ್ದೆ: "ಗುಡ್ಡಾ ಮುಗದರೂ ಗಾಳಿ ಮ್ಯಾಲ ಓಡಾಕತ್ತೈತಲ್ಲ ಆ ಬೆಕ್ಕು, ಬೀಳೂದಿಲ್ಲೇನು?"

"ಕೆಳಗ ನೋಡೋತನಕ ಬೀಳಲ್ಲ ಅಪ್ಪಾ. ದಟ್ಸ್ ದ ರೂಲ್."

ಈಗ ಅವಳು ಕತ್ತು ಅಲ್ಲಾಡಿಸುತ್ತಿದ್ದಳು: ನೋಡಬೇಡ.

ಪರದೆಯ ಕಡೆ ನೋಡಲಿಲ್ಲ. ಬಾಯಿಗೆ ಬಂದದ್ದು ಯಾವುದೋ ಹಳೆಯ ನಾಟಕದ ಜಿಪುಣ ಸಾಹುಕಾರನ ಮಾತು. ಸಿಂಹಾಸನ ನಡುಗುವಂತೆ ಗುಡುಗಿದೆ: "ಮಂತ್ರಿ, ಜ್ವಾಳದ ಧಾರಣಿ ಎಷ್ಟಾತು?"

ಮಂತ್ರಿಯಾಗಿದ್ದ ವಿನೀತ್ ಪುಣ್ಯಾತ್ಮ. ಕೈಮುಗಿದು, "ಅದನ್ನೇ ಅರಿಕೆ ಮಾಡಲು ಬಂದೆ ಪ್ರಭು, ನಮ್ಮ ಮಂಗಳೂರಲ್ಲಿ ಜೋಳ ಸಿಗುವುದೇ ಇಲ್ಲ ಮಾರಾಯ್ರೇ" ಅಂದ. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲಿ ನನ್ನ ಮಾತು ತಾನಾಗಿ ವಾಪಸು ಬಂತು.

ವಿನೀತ್‌ಗೆ ಋಣಿ. ಮಗಳಿಗೆ ಇನ್ನೂ ಹೆಚ್ಚು. ತಲೆಬುಡವಿಲ್ಲದ್ದು ಅಂತ ನಾನು ಬೈದ ಆ ಬೆಕ್ಕನ್ನೂ ದೇವರು ಚೆನ್ನಾಗಿಟ್ಟಿರಲಿ.

ಸಾಕ್ಷಿ ಮಲಗಿದ್ದಾಳೆ. ಬರೆಯುತ್ತ ಈಗಷ್ಟೇ ಕೆಳಗೆ ನೋಡಿದೆ. ಮೇಜಿನಡಿ ಎರಡೂ ಮೊಣಕಾಲು ಗಡಗಡ ನಡುಗುತ್ತಿವೆ.