ರಜೆಯಲ್ಲಿ ಅಳೆದ ತರಂಗಾಂತರ

ಜೂನ್ ೧೮, ಮಂಗಳವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಆ ಸೊರ್ ಸದ್ದು ಕಿವಿ ಬಿಟ್ಟು ಹೋಗುತ್ತಿಲ್ಲ.

ಕಿವುಡ ಮಕ್ಕಳ ಶಾಲೆಯ ಟೀಚರ್ ಇವತ್ತು ತರಂಗಾಂತರ ಹಂಚುವ ನಮ್ಮ ಆಫೀಸಿಗೆ ಬಂದಿದ್ದರು. ಅವರ ಮೈಕಿನಿಂದ ಪಾಠ ಮಕ್ಕಳ ಕಿವಿಯ ಯಂತ್ರಕ್ಕೆ ಹೋಗುವ ತರಂಗಾಂತರವನ್ನೇ ನಾವು ಬ್ರಾಡ್‌ಬ್ಯಾಂಡ್‌ಗೆ ಹಂಚುತ್ತಿದ್ದೇವೆ. ಪರೀಕ್ಷೆಗೆಂದು ಊರಿನಲ್ಲಿ ಒಂದು ಟವರ್ ಕಳೆದ ವಾರವೇ ಚಾಲೂ ಆಗಿದೆ.

"ನೀವೇ ಕೇಳಿ ಸರ್," ಎಂದು ಯಂತ್ರವನ್ನು ನನ್ನ ಕೈಗಿಟ್ಟು, ವರಾಂಡದ ಕೊನೆಗೆ ಹೋಗಿ ಮೈಕಿನಲ್ಲಿ ಮಾತಾಡಿದರು. ಸೊರ್ ಎನ್ನುವುದು ಬಿಟ್ಟರೆ ಒಂದಕ್ಷರ ಕೇಳಿಸಲಿಲ್ಲ.

"ಇದು ಖಾಲಿ ಇದೆ ಅಂತ ಬರ್ದಿದೀರಂತೆ. ಅಳೆದಿದ್ದು ಯಾವಾಗ?"

ಬೇಸಿಗೆ ರಜೆಯಲ್ಲಿ. ರಸ್ತೆಯಲ್ಲಿ ಗದ್ದಲವಿಲ್ಲ, ಅಳತೆಯ ವ್ಯಾನ್ ಸಲೀಸಾಗಿ ಓಡುತ್ತದೆ ಎಂದು ಪ್ರತಿ ವರ್ಷ ಆಗಲೇ ಅಳೆಯುತ್ತೇವೆ. ನನ್ನ ಮಗಳಿಗೂ ರಜೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅಳೆದಿದ್ದೆ! ಆದರೂ ಆ ಶಾಲೆಯ ಮೈಕಿಗೂ ರಜೆ ಎಂದು ಹೊಳೆಯಲಿಲ್ಲ.

ಸಾಹೇಬರಿಗೆ ಹೇಳಿದೆ. "ನೂರಾರು ಹಳ್ಳಿ ಇಂಟರ್ನೆಟ್‌ಗೆ ಕಾಯ್ತಾ ಕೂತಿವೆ. ಒಂದು ಶಾಲೆಗೋಸ್ಕರ ಅಡ್ಡಗಾಲು ಹಾಕ್ಬೇಡ್ರೀ," ಎಂದರು. ಅದೂ ಸುಳ್ಳಲ್ಲ. ನನ್ನ ಅಕ್ಕನ ಊರೂ ಆ ಪಟ್ಟಿಯಲ್ಲಿದೆ. ನಾಳೆ ಹನ್ನೊಂದಕ್ಕೆ ಹಂಚಿಕೆಯ ಫೈಲಿಗೆ ಸಹಿ ಬೀಳುತ್ತದೆ.

ಮಲಗಲಾರದೆ ಎದ್ದು ಅಳತೆಯ ಹಾಳೆಗಳನ್ನು ತೆಗೆದೆ. ಒಂದರ ಅಂಚಿನಲ್ಲಿ ಮಗಳ ಪೆನ್ಸಿಲ್ ಚಿತ್ರ: ವ್ಯಾನಿನ ಪರದೆಯಲ್ಲಿ ಕಂಡ ಸಪಾಟು ಗೆರೆ, ಅದಕ್ಕೊಂದು ದಿಂಬು, ಹೊದಿಕೆ. "ಅಪ್ಪಾ, ಇದು ನಿದ್ದೆ ಮಾಡ್ತಿದೆಯಾ?" ಎಂದು ಅವತ್ತು ಕೇಳಿದ್ದಳು. ನಾನು ನಕ್ಕು, "ಅಲ್ಲಿ ಯಾರೂ ಇಲ್ಲ ಪುಟ್ಟಾ," ಎಂದಿದ್ದೆ. ವರದಿಯಲ್ಲೂ ಅದನ್ನೇ ಬರೆದೆ.

ನಾಳೆ ಈ ಹಾಳೆಯನ್ನೇ ಫೈಲಿನ ಮೇಲಿಡುತ್ತೇನೆ. ಸಾಹೇಬರು ನಗಬಹುದು. ನಾನೂ ನಕ್ಕಿದ್ದೆನಲ್ಲ.