ಹೊಡೆದುಹಾಕಬೇಡಿ ಅಂದ ಸಾಲು

ಸಂಪಾದಕರಿಗೆ ನಮಸ್ಕಾರ.

ನೆನಪು ಹೋದವನ ಕಥೆಯನ್ನು ಅವನ ಕಣ್ಣಿಂದಲೇ ಬರೀರಿ, ಹೆಂಡತಿಯ ಗೋಳು ಸಾಕು ಅಂತ ಸಲೀಸಾಗಿ ಅಂದುಬಿಟ್ಟಿರಿ. ಹಟ ಹಿಡಿದು ಬರೆದೆ. ಈಗ ಕಥೆಯಲ್ಲಿ ಹೆಂಡತಿಯೇ ಇಲ್ಲ. ದಿನಾ ಸಂಜೆ ಬಂದು ತಲೆ ಬಾಚುವ ಯಾರೋ ಒಬ್ಬಾಕೆ ಇದ್ದಾಳೆ. "ಹೊತ್ತಾಯ್ತು, ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಿ" ಅಂತಾನೆ ಅವನು, ಬಲು ಮರ್ಯಾದೆಯಿಂದ. ಈ ಮಾತು ನಾನು ಕಟ್ಟಿದ್ದಲ್ಲ. ನಮ್ಮ ಯಜಮಾನರು ನಿನ್ನೆ ಆಸ್ಪತ್ರೆಯಲ್ಲಿ ನನಗೆ ಹೇಳಿದ್ದು.

ಒಂದು ತಪ್ಪು ಮಾತ್ರ ಬೇಕಂತಲೇ ಮಾಡಿದ್ದೀನಿ. ಅವಳು ಬಾಗಿಲು ದಾಟುವಾಗ ಅವನು ಹೆಸರು ಹಿಡಿದು ಕರೀತಾನೆ. ಅದು ಅವನಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ ಅಂತ ಕೆಂಪು ಪೆನ್ನು ಎತ್ತುತ್ತೀರಿ, ಗೊತ್ತು. ಉಳಿದದ್ದೇನು ಬೇಕಾದರೂ ಹೊಡೆದುಹಾಕಿ, ಆ ಸಾಲೊಂದು ಬಿಟ್ಟುಬಿಡಿ. ಕಥೆಯಲ್ಲಾದರೂ ಕರೆಯಲಿ.

ಇಂತಿ,
ನಿಮ್ಮ ಮಾತು ಮುಕ್ಕಾಲು ಕೇಳಿದ ಲೇಖಕಿ