ಬೀಡಿ ಸೇದದವರ ಕೆಮ್ಮು

ಓಂಕಾರಣ್ಣನಿಗೆ,

ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ನೀನು ಮಾತಾಡುತ್ತೀಯ, ನಾನು ಕೇಳಿಸಿಕೊಳ್ಳುತ್ತೇನೆ. ಚಿಕ್ಕಂದಿನಿಂದ ಆಗಿದ್ದೇ ಅದು. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನನ್ನ ಗಂಡ ಚನ್ನಬಸವ ಅವರನ್ನು ತೋರಿಸಿದವನೇ ನೀನು. "ನಮ್ಮ ಶೆಡ್ಡಿನ ವೆಲ್ಡರ್, ಒಳ್ಳೆ ಕೈ, ಹೊರಗೆ ಯಾಕೆ ಹುಡುಕ್ಬೇಕು" ಎಂದು ಅಮ್ಮನನ್ನು ಒಪ್ಪಿಸಿದೆ. ಮದುವೆಯಾದ ಮೇಲೆ ಇವರು ನಿನಗೆ ಆಳೂ ಆದರು, ಭಾವನೂ ಆದರು. ಆಳಿಗಾದರೆ ಬಾಯಿರುತ್ತಿತ್ತು. ಭಾವನಿಗೆ ಇರಲಿಲ್ಲ.

ಬಾಳೂರಿನ ಎಸ್ಟೇಟಿಗೆ ಕಾಫಿ ಒಣಗಿಸುವ ಕಣದ ಚಾವಣಿ ಮಾಡಿಕೊಟ್ಟ ಮಳೆಗಾಲ ನೆನಪಿದೆಯೇ? ಕೊಯ್ಲಿಗೆ ಮೊದಲು ಮುಗಿಯಬೇಕಿತ್ತು. ಎಲ್ಲಾ ಸತು ಬಳಿದ ಪೈಪು. ಎರಚಲು ಹೊಡೆದು ಮೆಷಿನ್ ನೆನೆಯುತ್ತದೆಂದು ನೀನು ಶಟರ್ ಎಳೆಸಿದೆ. ಬೆಸೆದಂತೆಲ್ಲ ಸತು ಸುಟ್ಟು ಒಳಗೆ ಬಿಳಿ ಹೊಗೆ. ಸಂಜೆ ಇವರು ಮನೆಗೆ ಬಂದು ಕಂಬಳಿ ಹೊದ್ದು ನಡುಗುತ್ತಿದ್ದರು. ಬೆಳಗಾದರೆ ಜ್ವರ ಇಳಿದಿರುತ್ತಿತ್ತು, ಮತ್ತೆ ಹೊರಡುತ್ತಿದ್ದರು. ಹೊಗೆ ಎಳೆಯುವ ಫ್ಯಾನಾದರೂ ಹಾಕಿಸು, ಸರಿಯಾದ ಮಾಸ್ಕ್ ತರಿಸು ಎಂದು ನಾನು ಶೆಡ್ಡಿಗೇ ಬಂದು ಕೇಳಿಕೊಂಡೆ. "ಜಿಂಕ್ ಜ್ವರ ಅದು ಮಾರಾಯ್ತಿ, ಎಲ್ಲ ವೆಲ್ಡರಿಗೂ ಬರುತ್ತೆ. ಹಾಲು ಕುಡಿಸು, ಬೆಲ್ಲ ಕೊಡು" ಅಂದುಬಿಟ್ಟೆ ನೀನು. ಕೊಟ್ಟೆ. ಹಾಲು ಬೆಲ್ಲ ಹೊಟ್ಟೆಗೆ ಹೋಯಿತು, ಹೊಗೆ ಎದೆಗೆ ಹೋಯಿತು.

ಆಮೇಲೆ ನೀರಿನ ಟ್ಯಾಂಕರು. ಒಳಗಿಳಿದು ಬೆಸುಗೆ ಹಾಕಬೇಕಿತ್ತು. ಗಾಳಿ ಊದುವ ಬ್ಲೋಯರ್ ಮೂಡಿಗೆರೆಯಲ್ಲೇ ಬಾಡಿಗೆಗೆ ಸಿಗುತ್ತಿತ್ತು, ನೀನು ತರಿಸಲಿಲ್ಲ. ಒದ್ದೆ ಟವಲ್ ಕಟ್ಟಿಕೊಂಡು ಇಳಿದು ಎಚ್ಚರ ತಪ್ಪಿದ ಇವರನ್ನು ಜೊತೆಯ ಕೆಲಸಗಾರ ಗಿರಿ ಕಂಕುಳಿಗೆ ಕೈ ಹಾಕಿ ಎಳೆದು ತೆಗೆದ. ಶ್ವಾಸಕೋಶ ಗಾಯವಾಗಿ ಗಟ್ಟಿಯಾಗುತ್ತಿದೆ, ಮೊದಲಿನಂತೆ ಆಗುವುದಿಲ್ಲ ಎಂದರು ಮಂಗಳೂರಿನ ಡಾಕ್ಟರು. ಈಗ ಸ್ನಾನ ಮಾಡಿ ಅಂಗಿ ತೊಡುವಷ್ಟರಲ್ಲಿ ಇವರು ಕೆಮ್ಮಿ ಕೆಮ್ಮಿ ಕುಸಿದು ಕೂರುತ್ತಾರೆ.

ಆಸ್ಪತ್ರೆಯವರು ಬರೆದು ತಿಳಿಸಿದ ಮೇಲೆ ವಿಚಾರಿಸಲು ಕಾರ್ಮಿಕ ಇಲಾಖೆಯವರು ಮನೆಗೆ ಬಂದ ದಿನ ನೀನು ಅಮ್ಮನನ್ನೂ ಕರೆದುಕೊಂಡು ಮೊದಲೇ ಬಂದು ಕುಳಿತಿದ್ದೆ. "ಮಾಸ್ಕ್ ಕೊಟ್ಟಿದ್ದೆ ಸಾರ್, ಇವ್ರೇ ಹಾಕ್ತಿರ್ಲಿಲ್ಲ. ಬೀಡಿ ಬೇರೆ ಜಾಸ್ತಿ." ಅಣ್ಣಾ, ಇಷ್ಟಲಿಂಗ ಹಿಡಿಯುವ ಇವರ ಕೈಗೆ ಬೀಡಿ ತಾಗಿದ್ದೇ ಇಲ್ಲ. ಕಾಫಿ ತರುತ್ತಿದ್ದ ನಾನು ಬಾಗಿಲಲ್ಲೇ ನಿಂತು ಸುಳ್ಳು ಎಂದೆ. ಅಮ್ಮ ಸೆರಗು ಹಿಡಿದು ಜಗ್ಗಿದಳು: "ಒಡಹುಟ್ಟಿದವನ ಮಾನ ಕಳೀಬೇಡ ಸೌಜನ್ಯಾ." ಬಂದವರು ಇವರ ಮುಖ ನೋಡಿದರು. ಇವರು ನನ್ನ ಮುಖ ನೋಡಿ, "ಹೂಂ ಸಾರ್, ಸೇದ್ತಿದ್ದೆ" ಎಂದರು. ನನಗೆ ತವರು ಉಳಿಯಲಿ ಎಂದು.

ಮೊನ್ನೆ ಅಮ್ಮನ ಔಷಧಿ ಕೊಡಲು ಶೆಡ್ಡಿಗೆ ಬಂದಿದ್ದೆ, ನೀನಿರಲಿಲ್ಲ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ನಿಂತ ನಿನ್ನ ಮಗ ಪ್ರಸಾದನಿಗೆ ಬೇರೆ ಮೇಜು ಹಾಕಿಸಿದ್ದೀಯ. ಅದರ ಮೇಲೆ ಆನೆ ಸೊಂಡಿಲಿನಂಥ ಕೊಳವೆ, ಎದ್ದ ಹೊಗೆಯನ್ನು ಎದ್ದಲ್ಲೇ ಎಳೆದುಕೊಳ್ಳುತ್ತದೆ. ಅವನ ಮುಖಕ್ಕೆ ಫಿಲ್ಟರ್ ಇರುವ ಮಾಸ್ಕ್. ನನಗೆ ಸಂತೋಷವೇ ಆಯಿತು, ನಾನು ಎತ್ತಿ ಆಡಿಸಿದ ಕೂಸು ಅದು. ಆಮೇಲೆ ಹಿಂದಿನ ಮೂಲೆ ಕಂಡಿತು. ಗಿರಿ ಮೂಗಿಗೆ ಟವಲ್ ಸುತ್ತಿಕೊಂಡು ಸತುವಿನ ಪೈಪು ಬೆಸೆಯುತ್ತಿದ್ದ. "ಸಂಜೆಯಾದ್ರೆ ಚಳಿಜ್ವರ ಅಕ್ಕ," ಎಂದ. "ಅಣ್ಣಾವ್ರು ಬೆಲ್ಲ ತಿನ್ನು ಅಂದ್ರು."

ಅಂದರೆ ಹೊಗೆ ಏನು ಮಾಡುತ್ತದೆಂದು ನಿನಗೆ ಗೊತ್ತಿತ್ತು. ಯಾರ ಎದೆಗೆ ಹೋದರೆ ಪರವಾಗಿಲ್ಲ ಎಂಬುದೂ ಗೊತ್ತಿತ್ತು.

ಮನೆಗೆ ಬಂದು ಇವರಿಗೆ ಹೇಳಿದೆ. ಉಸಿರು ಸಾಲದೆ ತುಂಡು ತುಂಡಾಗಿ ಹೇಳಿದರು: "ನಂದು ಹೋಗ್ಲಿ. ಗಿರಿದು ಬೇಡ. ನಡಿ, ಹೇಳಿ ಬರೋಣ." ಇವತ್ತು ಜೀಪು ಮಾಡಿಕೊಂಡು ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಯ ಆಫೀಸಿಗೆ ಹೋಗಿದ್ದೆವು. ಬೀಡಿಯ ಮಾತು ಸುಳ್ಳೆಂದು ಇವರೇ ಹೇಳಿದರು. ಕೊಳವೆ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ನಾನು ಹೇಳಿದೆ. ಶೆಡ್ಡು ನೋಡಲು ಬರುತ್ತಾರಂತೆ. ಯಾವತ್ತು ಎಂದು ತಿಳಿಸಲಿಲ್ಲ. ತಿಳಿಸಿದ್ದರೂ ನಿನಗೆ ಹೇಳುತ್ತಿರಲಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ಕಳಿಸಬೇಡ. ಪ್ರಸಾದ ನೂರು ಕಾಲ ಆರೋಗ್ಯವಾಗಿರಲಿ, ಗಿರಿಯೂ ಇರಲಿ. ನಿನಗೂ ಏನಾದರೂ ಹಾರೈಸೋಣವೆಂದು ಪೆನ್ನು ಹಿಡಿದು ಕೂತೆ. ಆಗುತ್ತಿಲ್ಲ.

ನಿನ್ನ ತಂಗಿಯಾಗಿ ಹುಟ್ಟಿದ,
ಸೌಜನ್ಯಾ